ಹೆಣ್ಣೊಪ್ಪಿಸುವ ಹೊತ್ತಿನ ಜಾಝ್

ನಮ್ಮ ಜಾಝ್ ವಾಟ್ಸಾಪ್ ಗುಂಪಿನಲ್ಲಿ ಆ ವಾರ ಒಂದೇ ಜಗಳ. ಒಬ್ಬ ಸ್ಯಾಕ್ಸೊಫೋನ್ ವಾದಕ ಒಂದೇ ಹಾಡನ್ನು ಎರಡು ಸಲ ರೆಕಾರ್ಡ್ ಮಾಡಿದ್ದಾನೆ. ಯಾವುದನ್ನು ಕೇಳದೆ ಸಾಯಬಾರದು ಅಂತ. ಹೊಗೆಸೊಪ್ಪು ಬೇಯಿಸಿ ಹದಮಾಡುವ ಬ್ಯಾರನ್ ಮನೆ ನೋಡಲು ಹೋದ ನಾನು ಕಂಪಲಾಪುರದ ಟೀ ಅಂಗಡಿಯಲ್ಲಿ ಕೂತು ಎರಡನ್ನೂ ಫೋನಿನಲ್ಲಿ ಹಾಕಿ ಕೇಳುತ್ತಿದ್ದೆ.

ಟೀ ಸೋಸುತ್ತಿದ್ದ ಅಂಗಡಿಯ ಅಕ್ಕ ಕೈ ನಿಲ್ಲಿಸಿ, "ಯಾರ ಮದ್ವೆ ಓಲಗ ಸಾರ್ ಇದು?" ಅಂದರು.

"ಮದುವೇದಲ್ಲ ಅಕ್ಕ, ಅಮೆರಿಕದ್ದು."

"ಎಲ್ಲೀದಾದ್ರೇನು, ಹೆಣ್ಣೊಪ್ಸೋ ಹೊತ್ನಲ್ಲಿ ಊದೋದು ಇಂಗೇಯ."

ನಾನು ನಕ್ಕೆ. ಅವರು ನಗಲಿಲ್ಲ.

"ನಮ್ ತವರೂರು ಮಿರ್ಲೇಲಿ ನನ್ನ ಒಪ್ಸುವಾಗ ಇಂಗೇ ಊದೋರ್ನ ನಮ್ಮಪ್ಪ ಹುಡುಕಿ ಕರೆಸಿದ್ರಂತೆ. ನಾನು ಅವ್ವನ್ನ ತಬ್ಕಂಡು ಅಳ್ತಿದ್ನಲ್ಲ, ಓಲಗ ಕಿವೀಗೇ ಬೀಳ್ನಿಲ್ಲ. ಇನ್ನೊಂದ್ ಸಲ ಹಾಕಿ ಸಾರ್."

ಹಾಕಿದೆ. ಸೆರಗಿನ ತುದಿ ಹಿಡಿದು ಕೊನೆವರೆಗೂ ನಿಂತು ಕೇಳಿದರು. ಒಲೆ ಮೇಲಿನ ಹಾಲು ಉಕ್ಕಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ನಡೆದದ್ದನ್ನು ಗುಂಪಿಗೆ ಬರೆದೆ. ಒಬ್ಬ ತಕ್ಷಣ ಕೇಳಿದ: "ಆಕೆಗೆ ಬೇಕಾಗಿದ್ದು ಮೊದಲನೇ ರೆಕಾರ್ಡಿಂಗೋ, ಎರಡನೇದೋ?"

"ಮಿರ್ಲೇದು" ಅಂತ ಹಾಕಿದೆ. ಅದರ ಲಿಂಕ್ ಕಳಿಸು ಅಂತ ಅವನು ಇನ್ನೂ ಪೀಡಿಸುತ್ತಿದ್ದಾನೆ.