ಖಾನಾವಳಿಯಲ್ಲಿ ರೊಟ್ಟಿ ಬಡಿದವಳು ಯಾರು

ಪಂಕಜಾಳ ಆಫೀಸು ಎಂದರೆ ಅಮೆರಿಕದ ಬ್ರಿಡ್ಜ್‌ವಾಟರ್‌ನ ಮನೆಯ ಅಡುಗೆಕಟ್ಟೆಯ ತುದಿ. ಬಾಗಿಲು ಹಾಕಿಕೊಳ್ಳುವ ಕೋಣೆ ಗಂಡ ಬದರೀನಾಥನದು. ಹತ್ತು ವರ್ಷ ಅವನ ವೀಸಾಕ್ಕೆ ಅಂಟಿಕೊಂಡು ಮನೆಯಲ್ಲಿದ್ದು, ಕೆಲಸದ ಪರವಾನಗಿ ಬಂದಮೇಲೆ ಅವಳು ಕ್ರ್ಯಾನ್‌ಬರಿಯ ಆಹಾರ ಕಂಪನಿಯೊಂದನ್ನು ಸೇರಿದ್ದಳು. ಕಂಪನಿಯ ಅಡುಗೆಮನೆಯೊಂದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದೆ. ಅಲ್ಲಿಗೆ ಹೋಗುವವರ ಕಾಗದಪತ್ರ ಪರಿಶೀಲಿಸಿ ಕಳಿಸುವುದು ಅವಳ ಕೆಲಸ.

ಅಂದು 2025ರ ಜುಲೈ ಇಪ್ಪತ್ತೊಂದು, ಏಕಾದಶಿ. ಮರುದಿನದಿಂದ ಬ್ರಿಟನ್ನಿನಲ್ಲಿ ಹೊಸ ನಿಯಮ: ಬಾಣಸಿಗರನ್ನು ಹೊರದೇಶದಿಂದ ಕೆಲಸಕ್ಕೆ ಕರೆಸುವಂತಿಲ್ಲ. ಅಷ್ಟರೊಳಗೆ ಕಂಪನಿಯ ಸ್ಪಾನ್ಸರ್ ಪತ್ರ ಸಿಕ್ಕವರಿಗಷ್ಟೇ ಹಳೆಯ ದಾರಿ. ಅದನ್ನು ಕೊಡಬೇಕಾದ ಲೆಸ್ಟರ್‌ನ ತಾರಿಣಿ ಸಂಜೆ ಐದಕ್ಕೆ ಹೊರಡುತ್ತಾಳೆ. ಇಲ್ಲಿ ಆಗ ಮಧ್ಯಾಹ್ನ ಹನ್ನೆರಡು.

ಉಳಿದಿದ್ದು ಒಂದೇ ಫೈಲು. ಧಾರವಾಡದ ಗುರುಸಿದ್ದಮ್ಮ ಗಂಡ ತೀರಿಕೊಂಡ ಮೇಲೆ ಹದಿನೆಂಟು ವರ್ಷ ಮೈದುನನ ಖಾನಾವಳಿಯಲ್ಲಿ ದುಡಿದವಳು. ಇಂಗ್ಲಿಷ್ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ್ದಳು. ಹತ್ತೂವರೆಗೆ ಪಂಕಜಾ ಆ ಮೈದುನ ಕೊಟ್ಟ ಅನುಭವ ಪತ್ರ ಓದಿದಳು. ‘ಮುಖ್ಯ ಅಡುಗೆಯವನು ನಾನು. ಅತ್ತಿಗೆ ಸಹಾಯಕ್ಕೆ ಇರುತ್ತಾರೆ.’ ಸಹಾಯಕರಿಗೆ ಆ ವೀಸಾ ಸಿಗುವುದಿಲ್ಲ.

ಫೋನು ಹಚ್ಚಿದಳು. ಧಾರವಾಡದಲ್ಲಿ ರಾತ್ರಿ ಊಟದ ಗದ್ದಲ.

“ಗುರುಸಿದ್ದಮ್ಮ, ಅಲ್ಲಿ ಅಡುಗೆ ಮಾಡೋರು ಯಾರು?”

“ನಾನs ರೀ. ಅವ ಗಲ್ಲಾದ ಮ್ಯಾಲೆ ಕೂಡ್ತಾನ.”

“ಮತ್ತೆ ಈ ಪತ್ರ ಓದ್ಲಿಲ್ವಾ?”

“ಓದೇನ್ರಿ. ಮನ್ಯಾಗಿನ ಹೆಣಮಕ್ಕಳು ಏನ್ ಮಾಡಿದ್ರೂ ಸಹಾಯ ಅಂತನs ಅಂತಾರಲ್ರಿ ಅಕ್ಕಾರ. ತಪ್ಪು ಅನ್ನಿಸ್ಲಿಲ್ಲ.”

“ಹೊಸ ಪತ್ರ ಬೇಕು, ಅವರ ಸಹಿ ಇರಬೇಕು. ಒಂದು ಗಂಟೆ ಟೈಮಿದೆ, ಅಷ್ಟೇ.”

ಹಿಂದಿನಿಂದ ಅತ್ತೆ ಶೈಲಮ್ಮ ಬಂದರು. “ಪಂಕಜಾ, ಇವತ್ತು ಅನ್ನ ಇಲ್ಲ. ಗೋಧಿ ರವೆ ಉಪ್ಪಿಟ್ಟು ಮಾಡು, ಬದರಿಗೆ ಸಬ್ಬಕ್ಕಿ ವಡೆ. ಹಾಲಲ್ಲಿ ಬಾಳೆಹಣ್ಣಿನ ರಸಾಯನ.” ಆ ಮನೆಯಲ್ಲಿ ಉಪವಾಸವೆಂದರೆ ಒಲೆಗೆ ದುಪ್ಪಟ್ಟು ಕೆಲಸ.

ಹನ್ನೊಂದೂ ಇಪ್ಪತ್ತಕ್ಕೆ ಗುರುಸಿದ್ದಮ್ಮನ ಫೋನು. “ಒಲ್ಲೆ ಅಂತಾನ್ರಿ. ಬೋರ್ಡಿನ ಮ್ಯಾಲೆ ತನ್ನ ಹೆಸರೈತಿ, ನಾಳಿ ನೋಡೋಣು ಅಂತಾನ.”

“ನಾಳೆ ಆಗಲ್ಲ.”

ಆ ಕಡೆ ಗಲ್ಲಾದಿಂದ ಮೈದುನ ಕೂಗಿದ: “ಅತ್ತಿಗೀ, ನಾಕ್ ಪ್ಲೇಟ್ ರೊಟ್ಟಿ!” ರೊಟ್ಟಿ ಬಡಿಯುವ ಸದ್ದು ನಿಂತಿತು. ಗುರುಸಿದ್ದಮ್ಮ ಫೋನು ಇಡದೆಯೇ ದೊಡ್ಡ ದನಿಯಲ್ಲಿ ಹೇಳಿದಳು: “ಒಲಿ ಆರಿಸೇನಿ. ಬಾರೋ ಯಪ್ಪಾ, ಮುಖ್ಯ ಅಡಿಗಿಯವ ನೀನs ಅಲ್ಲ? ಬಡಿ ಬಾ. ನಾ ಬಾಜೂಕ ನಿಂತು ಸಹಾಯ ಮಾಡತೇನಿ.”

ಊಟಕ್ಕೆ ಕೂತವರು ಗೊಳ್ಳೆಂದು ನಕ್ಕರು. ಫೋನು ಕಟ್ಟಾಯಿತು.

ಪಂಕಜಾ ಗಡಿಯಾರ ನೋಡುತ್ತ ನಿಂತಳು. ಹನ್ನೊಂದೂವರೆ. ಹನ್ನೊಂದೂ ನಲವತ್ತು. ತಾರಿಣಿಯ ಮೆಸೇಜು: ‘ಆಂಟಿ, ಇವತ್ತು ಬೇಗ ಹೊರಡಲಾ?’ ಪಂಕಜಾ ಉತ್ತರಿಸಿದಳು: ‘ಹತ್ತು ನಿಮಿಷ ಇರಮ್ಮ.’

ಹನ್ನೊಂದೂ ನಲವತ್ತಾರಕ್ಕೆ ಪತ್ರದ ಫೋಟೊ ಬಂತು. ‘ಹದಿನೆಂಟು ವರ್ಷದಿಂದ ಮುಖ್ಯ ಅಡುಗೆಯವರು ಗುರುಸಿದ್ದಮ್ಮ.’ ಕೆಳಗೆ ಸಹಿ, ಸೀಲು. ಮೂಲೆಯಲ್ಲಿ ಜೋಳದ ಹಿಟ್ಟಿನ ಹೆಬ್ಬೆರಳು ಗುರುತು. ಪಂಕಜಾ ಅದನ್ನು ತಾರಿಣಿಗೆ ಕಳಿಸಿದಳು. ಹನ್ನೆರಡಕ್ಕೆ ಮೂರು ನಿಮಿಷವಿರುವಾಗ ತಾರಿಣಿ ಬರೆದಳು: ‘ಸ್ಪಾನ್ಸರ್ ಪತ್ರ ಕೊಟ್ಟಾಯ್ತು.’

“ಪಂಕಜಾ, ಉಪ್ಪಿಟ್ಟು?” ಶೈಲಮ್ಮ ಕೇಳಿದರು. ಬದರೀನಾಥನ ಕೋಣೆಯ ಬಾಗಿಲು ಇನ್ನೂ ಹಾಕಿತ್ತು.

“ರವೆ ಮೇಲಿನ ಡಬ್ಬದಲ್ಲಿದೆ ಅತ್ತೆ. ನಿಮ್ಮ ಮಗನ್ನ ಕರೀರಿ, ಮಾಡ್ಲಿ,” ಎಂದು ಪಂಕಜಾ ಕುರ್ಚಿ ಎಳೆದುಕೊಂಡು ಕುಳಿತಳು. “ನಾನು ಸಹಾಯಕ್ಕಿರ್ತೀನಿ.”