ದೊಡ್ಡವ್ವನ ಹಲ್ಲು

ಮೊನ್ನೆ ಬಳ್ಳಾರಿಯ ಪಾರ್ವತಿನಗರದಲ್ಲಿ ಹಲ್ಲಿನ ಡಾಕ್ಟರ ಬಳಿ ಕೂತಿದ್ದೆ. ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ತಟ್ಟೆಯಲ್ಲಿ ಇಕ್ಕಳ ಇಟ್ಟ ಸದ್ದಾಯಿತು. ನನಗೆ ಎದುರುಮನೆಯ ದೊಡ್ಡವ್ವ ನೆನಪಾದಳು…

ಅದು ಎಪ್ಪತ್ತರ ದಶಕ. ಸಿರುಗುಪ್ಪದ ಹತ್ತಿರದ ನಮ್ಮ ಹಳ್ಳಿಯ ಜನ ಹಾವು ಚೇಳಿಗಿಂತ ಬಾನಾಮತಿಯ ಮಾಟಕ್ಕೆ ಹೆದರುತ್ತಿದ್ದರು. ದೊಡ್ಡವ್ವ ನಮ್ಮ ಬಳಗದವಳಲ್ಲ. ಒಬ್ಬಳೇ ಇದ್ದ ವಿಧವೆ, ಓಣಿಗೆಲ್ಲ ದೊಡ್ಡವ್ವ. ಮಾತು ಬಲು ಖಾರ. ನಗುವಾಗ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆವು.

ಆ ಬೇಸಿಗೆ ನಾನು ಕಾಲೇಜಿನ ರಜೆಗೆ ಊರಿಗೆ ಬಂದಿದ್ದೆ. ಓಣಿಯ ಕೊನೆಯ ಮನೆಯಲ್ಲಿ ಪೆಟ್ಟಿಗೆಯೊಳಗಿಟ್ಟ ಸೀರೆಗಳು ಸುಟ್ಟುಹೋದವು. ಹೇಗೆಂದು ಯಾರಿಗೂ ತಿಳಿಯಲಿಲ್ಲ. ಹಿಂದಿನ ದಿನವಷ್ಟೇ ಆ ಮನೆಯವರೊಡನೆ ದೊಡ್ಡವ್ವ ಬಾವಿಯ ಹತ್ತಿರ ಜಗಳವಾಡಿದ್ದಳು. ಬಾನಾಮತಿ ಮಾಡಿದವಳು ಅವಳೇ ಎನ್ನಲು ಅಷ್ಟೇ ಸಾಕಾಯಿತು. ಮಧ್ಯಾಹ್ನ ಆ ಮನೆಯ ಯಜಮಾನ ಗುಂಪು ಕಟ್ಟಿಕೊಂಡು ಬಂದು ಅವಳನ್ನು ಅಂಗಳಕ್ಕೆ ಎಳೆದ. ಕೈಯಲ್ಲಿ ಇಕ್ಕಳವಿತ್ತು.

"ಹಲ್ಲು ಕಿತ್ರ ಮಂತ್ರ ತೊದಲತೈತಿ. ಆಮ್ಯಾಲ ಯಾರಿಗೂ ತಾಕಂಗಿಲ್ಲ," ಅಂದ.

ನಾನು ಅಡ್ಡ ಹೋದೆ. "ಕಾಲೇಜಿನ್ಯಾಗ ಬಾನಾಮತಿ ಪಾಠ ಮಾಡ್ತಾರೇನಲೇ? ಸರಿ ಆಚಿ," ಎಂದು ಒಬ್ಬ ದೂಡಿದ. ಬಿದ್ದೆ. ಇಬ್ಬರು ಅವಳ ತೋಳು ಹಿಡಿದರು…

"ಕೈ ಬಿಡ್ರಿ. ನಾನ ಕೊಡ್ತೀನಿ," ಅಂದಳು ದೊಡ್ಡವ್ವ.

ಬಿಟ್ಟರು. ಅವಳು ಬಾಯಿಗೆ ಬೆರಳು ಹಾಕಿ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ತೆಗೆದು ಯಜಮಾನನ ಅಂಗೈಯಲ್ಲಿಟ್ಟಳು. ಕೆನ್ನೆಗಳು ಒಳಗೆ ಹೋಗಿ ಮುಖವೇ ಬೇರೆಯಾಯಿತು.

"ಬಳ್ಳಾರ್ಯಾಗ ಕಟ್ಟಿಸಿದ್ದು. ನನ್ನವು ಎಂದೋ ಉದುರ್ಯಾವು. ಹುಷಾರಾಗಿ ಹಿಡೀಲೇ, ಒಡದ್ರ ನೀನ ಕೊಡಿಸ್ಬೇಕು," ಅಂದಳು. ಮಾತು ಅರ್ಧ ಗಾಳಿಯಾಗಿ ಹೋಗುತ್ತಿತ್ತು.

ಗುಂಪಿನಲ್ಲಿದ್ದ ಮುದುಕನೊಬ್ಬ ಬಗ್ಗಿ ಅವಳ ಬಾಯಿ ನೋಡಿದ. "ಸ್ವಂತ ಹಲ್ಲ ಒಂದೂ ಇಲ್ಲ. ಇಂಥಾಕಿ ಮಂತ್ರ ಎಲ್ಲಿ ತಾಕೀತಲೇ?"

ಯಾರೋ ಕಿಸಕ್ಕನೆ ನಕ್ಕರು. ಯಜಮಾನ ಹಾವಿನ ಮರಿ ಹಿಡಿದವನಂತೆ ಹಲ್ಲುಗಳನ್ನು ಹಿಂದಕ್ಕೆ ಕೊಟ್ಟು, ಇಕ್ಕಳವನ್ನು ಜೇಬಿಗೆ ಸೇರಿಸಿದ. ಜನ ಚದುರಿದರು. ನಾನು ನೆಲದ ಮೇಲೇ ಕೂತು ನಗುತ್ತಿದ್ದೆನೋ ಅಳುತ್ತಿದ್ದೆನೋ, ಗೊತ್ತಿಲ್ಲ. ದೊಡ್ಡವ್ವ ಚೊಂಬಿನಲ್ಲಿ ನೀರು ತಂದಳು.

"ನೀ ಯಾಕ ಅಳ್ತೀಯೋ? ಹಲ್ಲು ನಂದು."

ಅಂದಿನಿಂದ ಅವಳು ಆ ಹಲ್ಲು ಹಾಕಿಕೊಂಡು ಹೊಸ್ತಿಲು ದಾಟಲಿಲ್ಲ. ಬೋಳು ಬಾಯಿ ಎಲ್ಲರಿಗೂ ಕಾಣಬೇಕಿತ್ತು.

ದೊಡ್ಡವ್ವ ತೀರಿಕೊಂಡು ಎಷ್ಟೋ ವರ್ಷಗಳಾದವು. ಮುಪ್ಪಿನಲ್ಲಿ, ತನ್ನ ಮನೆಯಲ್ಲೇ, ನಿದ್ದೆಯಲ್ಲೇ ಹೋದಳಂತೆ. ಅದನ್ನು ನೆನೆದರೆ ಎದೆ ಹಗುರಾಗುತ್ತದೆ. ಆದರೆ ಆ ಮಧ್ಯಾಹ್ನ ಅವಳ ಬಾಯಲ್ಲಿ ಸ್ವಂತ ಹಲ್ಲುಗಳೇ ಇದ್ದಿದ್ದರೆ… ಈ ಯೋಚನೆ ಬಂದಾಗಲೆಲ್ಲ ನನ್ನ ನಾಲಿಗೆ ನನ್ನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತದೆ.