ಅಳಿಯಂದ್ರು

ಹೊಸದುರ್ಗದ ದನದ ಆಸ್ಪತ್ರೆಯ ಕಾಂಪೌಂಡರ್ ಪಾಲಯ್ಯನಿಗೆ ಕುದುರೆಯ ಬಗ್ಗೆ ಗೊತ್ತಿದ್ದದ್ದು ಅದು ಒದೆಯುತ್ತದೆ ಎಂಬುದಷ್ಟೇ. ಆದರೂ ಕುರಿಗಳಿಗೆ ಸೂಜಿ ಹಾಕಲೆಂದು ಸೈಕಲ್ ತುಳಿದು ಮಾಡದಕೆರೆಗೆ ಹೋದಾಗಲೆಲ್ಲ ಮುದ್ದಪ್ಪ ಅಡ್ಡಗಟ್ಟಿ, ‘ಬರ್ರಿ ಡಾಕ್ಟ್ರೇ’ ಎಂದು ತನ್ನ ಬೀಜದ ಕುದುರೆಯ ಮುಂದೆ ನಿಲ್ಲಿಸುತ್ತಿದ್ದ. ಆ ಕುದುರೆಯನ್ನು ಅವನು ಕರೆಯುತ್ತಿದ್ದುದೇ ‘ಅಳಿಯಂದ್ರು’ ಎಂದು. ಅಳಿಯಂದಿರಿಗೆ ಬೆಳಿಗ್ಗೆ ಮೊಳಕೆ ಹುರುಳಿ, ಮಧ್ಯಾಹ್ನ ನಾಲ್ಕು ನಾಟಿ ಮೊಟ್ಟೆ, ಸಂಜೆ ಬೆಲ್ಲ. ನಡೆಸಿದರೆ ಕಸುವು ಸೋರಿಹೋಗುತ್ತದೆಂದು ದಿನವಿಡೀ ಗೂಟಕ್ಕೆ ಕಟ್ಟಿಯೇ ಇಡುತ್ತಿದ್ದ. ಜಟಕಾದವರು ತಂದುಬಿಟ್ಟ ಹೆಣ್ಣು ಕುದುರೆಗಳಲ್ಲಿ ಗಬ್ಬ ನಿಲ್ಲದೆ ಮೂರು ವರ್ಷವಾಗಿತ್ತು. ಯಾರು ಬಂದು ಜಗಳವಾಡಿದರೂ ಅವನದು ಒಂದೇ ಮಾತು: ‘ದೋಷ ನಿಮ್ಮ ಹೆಣ್ಣಿಂದು ಕಣ್ರಿ.’ ಈ ವರ್ಷವೂ ನಿಲ್ಲದಿದ್ದರೆ ಅಳಿಯಂದಿರ ಬೀಜ ಒಡೆಸಿ ಜಟಕಾಕ್ಕೆ ಹೂಡುವುದೊಂದೇ ಉಳಿದಿತ್ತು. ಒಂದು ಮಧ್ಯಾಹ್ನ ಅದನ್ನೇ ಹೇಳಿ ಮುದ್ದಪ್ಪ ಕಣ್ಣೊರೆಸಿಕೊಂಡಾಗ ಪಾಲಯ್ಯ, ಇನ್ನೂ ತನಗೇ ಮದುವೆಗೆ ಹೆಣ್ಣು ಗೊತ್ತಾಗದವನು, ಆ ಹೆಣ್ಣು ಕುದುರೆಗಳನ್ನು ಪರೀಕ್ಷಿಸಿದ್ದ ಆಸ್ಪತ್ರೆಯ ನಿಜವಾದ ಡಾಕ್ಟರು ಹೇಳಿಕಳಿಸಿದ್ದನ್ನು ಬಾಯಿಪಾಠದಂತೆ ಒಪ್ಪಿಸಿದ: ‘ಕೊಬ್ಬು ಜಾಸ್ತಿ ಆಗೈತೆ. ಮೊಟ್ಟೆ ಬಿಡ್ರಿ, ಹೊತ್ತು ತಂಪಾದ ಮೇಲೆ ದಿನಾ ನಡೆಸ್ರಿ. ಹೆಣ್ಣುಗಳೆಲ್ಲ ಚೆನ್ನಾಗವೆ, ದೋಷ ಗಂಡಿಂದೇ.’ ‘ಎಲ್ಲಾದ್ರೂ ಉಂಟೇನ್ರಿ!’ ಎಂದು ಮುದ್ದಪ್ಪ ನಕ್ಕ. ಮೊಟ್ಟೆ ಹಿಡಿದು ಬಂದಿದ್ದ ಅವನ ಹೆಂಡತಿ ಚಿತ್ತಮ್ಮ ನಗಲಿಲ್ಲ. ಹದಿನೆಂಟು ವರ್ಷದಿಂದ ಮಗುವಿಗಾಗಿ ಕಂಡ ದೇವರಿಗೆಲ್ಲ ಹರಕೆ ಹೊತ್ತು ಬರಿಗಾಲಲ್ಲಿ ತಿರುಗಿದವಳು ಅವಳು, ಅವಳೊಬ್ಬಳೇ. ‘ಅಂಗಾರೆ, ಗಂಡಿಂದೂ ಇರ್ತೈತಾ ಡಾಕ್ಟ್ರೇ?’ ಎಂದಳು ಮೆಲ್ಲಗೆ. ಮುದ್ದಪ್ಪ ಯಾರ ಮುಖವನ್ನೂ ನೋಡದೆ ಗೂಟದ ಹಗ್ಗ ಬಿಚ್ಚಿ, ಆ ಉರಿಬಿಸಿಲಲ್ಲೇ ಕುದುರೆಯನ್ನು ನಡೆಸಿಕೊಂಡು ಹೊರಟುಹೋದ.